ಓಮ್ನಿಯಲ್ಲಿ ಕುಳಿತ ಶಿಕ್ಷಕಿ: ಅಪಹರಣದ ಕನಸಿನ ಒಂದು ಪ್ರಕರಣ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಅನುದಾನಿತ ಪ್ರೌಢಶಾಲೆಯಲ್ಲಿ ಕಾಯಂ ಕೆಲಸದಲ್ಲಿರುವ, ಮೂವತ್ತೈದರ ಆಸುಪಾಸಿನ ಶಿಕ್ಷಕಿ. ಮನೆಯಲ್ಲಿ ಗಂಡ, ಅತ್ತೆ, ಐದು ವರ್ಷದ ಮಗಳು. 2024ರ ಆರಂಭದಲ್ಲಿ ಮಾತಿನ ಚಿಕಿತ್ಸೆಗೆಂದು ನನ್ನಲ್ಲಿಗೆ ಬಂದಾಗ ಅವರು ಹೇಳಿದ ಮೊದಲ ಮಾತು, ‘ನಿದ್ದೆ ಬರುತ್ತದೆ, ಆದರೆ ಮಲಗಲು ಭಯ’ ಎಂಬುದು. ಈ ಬರಹಕ್ಕೆ ಅವರ ಒಪ್ಪಿಗೆ ಇದೆ. ಊರು, ಕೆಲವು ಸಂಬಂಧಗಳು ಮತ್ತು ಗುರುತು ಹತ್ತಬಹುದಾದ ಇತರ ವಿವರಗಳನ್ನು ಬದಲಿಸಿದ್ದೇನೆ. ಕನಸನ್ನು ಮಾತ್ರ ಅವರು ಹೇಳಿದಂತೆಯೇ ಇಟ್ಟಿದ್ದೇನೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಅದರ ಸಣ್ಣ ಸಣ್ಣ ವಿವರಗಳ ಮೇಲೆ.

ಕನಸು ಹೀಗಿದೆ. ಶಾಲೆ ಬಿಟ್ಟಿದೆ. ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಶಿಕ್ಷಕಿ ಬಸ್ಸಿಗೆ ಕಾಯುತ್ತಿದ್ದಾರೆ. ಬಿಳಿಯ ಓಮ್ನಿಯೊಂದು ಬಂದು ನಿಲ್ಲುತ್ತದೆ, ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ಒಂದು ಕೈ ಅವರ ಮೊಳಕೈ ಹಿಡಿದು ಒಳಗೆಳೆದುಕೊಳ್ಳುತ್ತದೆ. ಒಳಗೆ ಇಬ್ಬರು ಗಂಡಸರು. ಅವರಿಗೆ ಮುಖವೇ ಇಲ್ಲ ಎನ್ನಬೇಕು, ಎಷ್ಟು ಸಲ ಕಂಡರೂ ನೆನಪಿನಲ್ಲಿ ಉಳಿಯುವುದಿಲ್ಲ. ಅವರು ಬಾಯಿ ಕಟ್ಟುವುದಿಲ್ಲ, ಹೊಡೆಯುವುದಿಲ್ಲ, ಬೆದರಿಸುವುದೂ ಇಲ್ಲ. ಶಿಕ್ಷಕಿ ಇಬ್ಬರ ನಡುವೆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಕಟ್ಟಿದ ದಾರ ಸಡಿಲವಾಗಿದೆ, ಹಾಳೆಗಳು ಜಾರಿ ಬಿದ್ದರೆ ಯಾರ ಅಂಕ ಯಾರಿಗೆ ಹೋಗುವುದೋ ಎಂಬ ಆತಂಕ. ವ್ಯಾನು ಅವರ ಮನೆಯ ಮುಂದೆಯೇ ಹಾಯುತ್ತದೆ. ಗಂಡ ಗೇಟಿನ ಬಳಿ ಮೊಬೈಲ್‌ನಲ್ಲಿ ಮಾತನಾಡುತ್ತಿದ್ದಾನೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾರೆ. ಇಬ್ಬರೂ ತಲೆ ಎತ್ತುವುದಿಲ್ಲ. ಇವರೂ ಕೂಗುವುದಿಲ್ಲ. ‘ಕೂಗಬಹುದಿತ್ತು ಸರ್, ಬಾಯಿ ಖಾಲಿಯೇ ಇತ್ತು. ಈಗ ಕೂಗಿದರೆ ಎಲ್ಲರಿಗೂ ತೊಂದರೆ ಎನಿಸುತ್ತದೆ’ ಎಂದರು. ವ್ಯಾನು ಹೊಳೆಯ ಸೇತುವೆ ಏರುವಾಗ ಎಚ್ಚರ. ಗಡಿಯಾರದಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ.

ವಾರಕ್ಕೆ ಮೂರು ನಾಲ್ಕು ಬಾರಿ ಇದೇ ಕನಸು ಬೀಳಲಾರಂಭಿಸಿ ಎರಡು ತಿಂಗಳಾಗಿತ್ತು.

ನನ್ನ ಬಳಿಗೆ ಬರುವ ಮುನ್ನ

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದೆ. ಅತ್ತೆಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಕನಸಿನ ಹೊತ್ತು ಕೇಳಿದವರೇ ಮೊಮ್ಮಗಳ ಬಗ್ಗೆ ಹೆದರಿದರು. ಮಗು ಶಾಲೆಗೆ ಹೋಗುತ್ತಿದ್ದದ್ದು ಅಂಥದೇ ಒಂದು ಓಮ್ನಿಯಲ್ಲಿ. ಆ ವ್ಯಾನನ್ನು ಮೊದಲ ವಾರದಲ್ಲೇ ಬಿಡಿಸಿದರು. ಶಿಕ್ಷಕಿ ದಿನಾ ಸ್ಕೂಟರಿನಲ್ಲಿ ಮಗುವನ್ನು ಬಿಟ್ಟು, ತಮ್ಮ ಶಾಲೆಯ ಪ್ರಾರ್ಥನೆಗೆ ತಡವಾಗಿ ಹೋಗಿ, ಮುಖ್ಯೋಪಾಧ್ಯಾಯರಿಂದ ಮಾತು ಕೇಳಿಸಿಕೊಳ್ಳಬೇಕಾಯಿತು. ರಾತ್ರಿ ಚಿಲಕ ಹಾಕಿದ್ದನ್ನು ಎದ್ದೆದ್ದು ನೋಡುವುದು ಶುರುವಾಯಿತು. ನಿದ್ದೆಗೆಟ್ಟ ತಲೆಗೆ ಹಗಲಿನಲ್ಲಿ ಹೆಚ್ಚು ಹೆದರಿಕೆ, ಹೆದರಿದ ತಲೆಗೆ ರಾತ್ರಿ ಮತ್ತದೇ ಕನಸು.

ಅರ್ಥ ಹುಡುಕುವ ಕೆಲಸವನ್ನು ಗಂಡ ಮೊಬೈಲಿನಲ್ಲಿ ಮಾಡಿದ. ಅಪಹರಣದ ಕನಸು ಧನನಷ್ಟದ ಸೂಚನೆ ಎಂದು ಒಬ್ಬರು, ದೂರಪ್ರಯಾಣದ ಸೂಚನೆ ಎಂದು ಇನ್ನೊಬ್ಬರು, ಗುಪ್ತಶತ್ರು ಇದ್ದಾನೆ ಎಂದು ಮತ್ತೊಬ್ಬರು. ಗುಪ್ತಶತ್ರುವಿನ ಮಾತು ಮನೆಯಲ್ಲಿ ಬೇರು ಬಿಟ್ಟಿತು. ಆಸ್ತಿ ಭಾಗದಲ್ಲಿ ಮುನಿಸಿಕೊಂಡಿದ್ದ ದಾಯಾದಿಯೊಬ್ಬರ ಮನೆಗೆ ಹೋಗಿಬರುವುದು ನಿಂತಿತು. ಕನಸಿನ ಅರ್ಥದ ಪಟ್ಟಿಗಳಿಂದ ನಿಜವಾಗಿ ಆಗುವ ಹಾನಿ ಇದು. ಮುಖವಿಲ್ಲದ ಕಳ್ಳನಿಗೆ ಮನೆಯವರು ಒಂದು ಮುಖ ಅಂಟಿಸಿಬಿಡುತ್ತಾರೆ. ಜ್ಯೋತಿಷಿಯೊಬ್ಬರು ತಾಯತ ಕಟ್ಟಿಕೊಟ್ಟರು. ಅತ್ತೆ ಮಲಗುವ ಮುನ್ನ ಹೇಳಿಕೊಳ್ಳಲು ‘ರಾಮಂ ಸ್ಕಂದಂ ಹನೂಮಂತಂ’ ಶ್ಲೋಕ ಕಲಿಸಿದರು. ರಾಮ, ಸ್ಕಂದ, ಹನುಮ, ಗರುಡ, ಭೀಮರನ್ನು ನೆನೆದು ಮಲಗಿದವರಿಗೆ ದುಃಸ್ವಪ್ನ ನಾಶವಾಗುತ್ತದೆ ಎನ್ನುವ ಶ್ಲೋಕ ಅದು. ಅದನ್ನು ನಾನು ನಿಲ್ಲಿಸಲಿಲ್ಲ. ಮೊಬೈಲ್ ಬದಿಗಿಟ್ಟು, ದೀಪ ಆರಿಸಿ, ಒಂದೇ ಲಯದಲ್ಲಿ ನಾಲ್ಕು ಸಾಲು ಹೇಳಿಕೊಂಡು ಮಲಗುವುದನ್ನು ಯಾವ ನಿದ್ರಾ ತಜ್ಞರೂ ಬೇಡ ಎನ್ನಲಾರರು.

ಬೆಳಗಿನ ಜಾವದ ನಂಬಿಕೆಗೆ ಮಾತ್ರ ಒಂದು ಉತ್ತರ ಬೇಕಿತ್ತು. ನಿದ್ದೆ ಇಡೀ ರಾತ್ರಿ ಒಂದೇ ಬಗೆಯದಲ್ಲ. ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಅದು ಸಾಗುತ್ತದೆ. ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ವೇಗವಾಗಿ ಹೊರಳಾಡುವ, ಕಥೆಯಂಥ ಕನಸುಗಳು ಹೆಚ್ಚಾಗಿ ಬೀಳುವ ಹಂತ ರಾತ್ರಿಯ ಕೊನೆಯ ಸುತ್ತುಗಳಲ್ಲಿ ಉದ್ದವಾಗುತ್ತ ಹೋಗುತ್ತದೆ. ಹಾಗಾಗಿ ದುಃಸ್ವಪ್ನ ನಸುಕಿನಲ್ಲಿ ಬೀಳುವುದೇ ಸಹಜ, ಕನಸು ಬೀಳುತ್ತಿರುವಾಗಲೇ ಎಚ್ಚರವಾಗುವುದರಿಂದ ಅದು ನೆನಪಿನಲ್ಲಿಯೂ ಉಳಿಯುತ್ತದೆ. ಇದನ್ನು ಶಿಕ್ಷಕಿಗೆ ಹೇಳಿದಾಗ, ‘ಹಾಗಾದರೆ ನಾಲ್ಕೂವರೆ ಎಂಬುದು ಶಕುನವಲ್ಲ, ವೇಳಾಪಟ್ಟಿ’ ಎಂದು ನಕ್ಕರು. ಅವರು ನಕ್ಕದ್ದನ್ನು ಅಂದು ಮೊದಲು ಕಂಡೆ.

ಅರ್ಥಕ್ಕೆ ಮುಂಚಿನ ಪ್ರಶ್ನೆಗಳು

ಅಪಹರಣದ ಕನಸು ಎಂದ ಕೂಡಲೇ ಸಂಕೇತಗಳ ಬೆನ್ನು ಹತ್ತುವುದು ಅಪಾಯ. ಅದು ಸಂಕೇತವೇ ಅಲ್ಲದಿರಬಹುದು. ಅವರೊಬ್ಬರನ್ನೇ ಕೂರಿಸಿ ಕೇಳಬೇಕಾದದ್ದನ್ನು ಮೊದಲು ಕೇಳಿದೆ: ಬಾಲ್ಯದಲ್ಲಿ ಯಾರಾದರೂ ಎಳೆದೊಯ್ದದ್ದು, ಕೂಡಿಹಾಕಿದ್ದು ಇದೆಯೇ? ಮನೆಯಲ್ಲಿ ಹೊಡೆತ, ಬಲವಂತ? ದಾರಿಯಲ್ಲಿ ಯಾರಾದರೂ ಹಿಂಬಾಲಿಸುತ್ತಿದ್ದಾರೆಯೇ? ಶಾಲೆಯಲ್ಲಿ ಕಿರುಕುಳ? ಯಾವುದೂ ಇರಲಿಲ್ಲ. ಆ ಉತ್ತರವನ್ನು ಒಮ್ಮೆ ಕೇಳಿ ಮುಗಿಸದೆ, ಬೇರೆ ಬೇರೆ ಮಾತಿನ ನಡುವೆ ಮತ್ತೆ ಕೇಳಿದ್ದೇನೆ.

ನಿಜವಾಗಿ ಅಪಹರಣಕ್ಕೆ ಒಳಗಾದವರ ಕನಸುಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಒಂದು ಮುಖ್ಯ ಭಾಗ ಒಂದೇ ಘಟನೆಯಿಂದ ಬಂದದ್ದು. 1976ರ ಜುಲೈ 15ರಂದು ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಸಣ್ಣ ಊರಿನಲ್ಲಿ ಶಾಲಾ ಬಸ್ಸನ್ನು ತಡೆದು 26 ಮಕ್ಕಳನ್ನೂ ಚಾಲಕನನ್ನೂ ಅಪಹರಿಸಿದರು, ಲಿವರ್‌ಮೋರ್‌ನ ಕಲ್ಲುಗಣಿಯಲ್ಲಿ ಹೂತಿಟ್ಟ ಟ್ರಕ್ಕಿನೊಳಗೆ ಇಳಿಸಿದರು. ಸುಮಾರು ಹದಿನಾರು ಗಂಟೆಗಳ ನಂತರ ಅವರೇ ಮಣ್ಣು ಸರಿಸಿಕೊಂಡು ಹೊರಬಂದರು, ಎಲ್ಲರೂ ಬದುಕಿದರು. ಮನೋವೈದ್ಯೆ ಲೆನೋರ್ ಟೆರ್ ಆ ಮಕ್ಕಳನ್ನು ಆಗಲೂ ನಾಲ್ಕು ವರ್ಷಗಳ ನಂತರವೂ ಮಾತನಾಡಿಸಿದರು. ಕೆಲವರಿಗೆ ಘಟನೆ ಇದ್ದ ಹಾಗೆಯೇ ಕನಸಿನಲ್ಲಿ ಮರುಕಳಿಸುತ್ತಿತ್ತು, ಕೆಲವರಿಗೆ ಅದು ವೇಷ ಮರೆಸಿಕೊಂಡು ಬರುತ್ತಿತ್ತು, ತಾವೇ ಸತ್ತಂತೆ ಕನಸು ಕಂಡ ಮಕ್ಕಳೂ ಇದ್ದರು. ಎಂದರೆ ನಿಜವಾಗಿ ಅಪಹರಣವಾದವರ ಕನಸಿನಲ್ಲಿ ಅಪಹರಣ ಕಾಣದೇ ಇರಬಹುದು, ಎಂದೂ ಆಗದವರ ಕನಸಿನಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣಬಹುದು. ಕನಸಿನ ದೃಶ್ಯ ನೋಡಿ ಬದುಕಿನ ಚರಿತ್ರೆ ಬರೆಯಲು ಬರುವುದಿಲ್ಲ.

ಹಾಗಾದರೆ ಈ ದೃಶ್ಯ ಎಲ್ಲಿಂದ ಬಂತು? ಅಪಹರಣ ಎಂಬ ಮಾತನ್ನು ಮೊದಲು ಕೇಳಿದ ನೆನಪು ಯಾವುದೆಂದು ವಿಚಾರಿಸಿದೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದದ್ದು ಎಂದರು. ಆಗ ಅವರಿಗೆ ಹನ್ನೊಂದು ವರ್ಷ. ಶಾಲೆಗೆ ರಜೆ ಕೊಟ್ಟದ್ದು, ಅಪ್ಪ ರೇಡಿಯೊ ಬಿಟ್ಟು ಏಳದೆ ಇದ್ದದ್ದು ನೆನಪಿದೆ. ಆ ತಲೆಮಾರಿನ ಕನ್ನಡಿಗರಿಗೆ ಆ 108 ದಿನಗಳು ಮರೆಯುವಂಥದಲ್ಲ. ಇಲ್ಲಿ ಏನಾದರೂ ಸಿಕ್ಕೀತು ಎಂದು ಸ್ವಲ್ಪ ಅಗೆದು ನೋಡಿದೆ. ಹೇಳುವಾಗ ಅವರ ದನಿಯಾಗಲಿ ಮುಖವಾಗಲಿ ಬದಲಾಗಲೇ ಇಲ್ಲ, ಕಥೆ ಹೇಳಿ ಮುಗಿಸಿ ನೀರು ಕುಡಿದರು. ಅಲ್ಲಿಗೆ ಬಿಟ್ಟೆ. ಓಮ್ನಿಯ ಮೂಲವಂತೂ ಎಲ್ಲರಿಗೂ ಗೊತ್ತಿರುವುದೇ. 1984ರಲ್ಲಿ ರಸ್ತೆಗಿಳಿದು 2019ರಲ್ಲಿ ತಯಾರಿಕೆ ನಿಂತ ಆ ಬಡಪಾಯಿ ಗಾಡಿ ತರಕಾರಿ ಹೊತ್ತಿದೆ, ಶಾಲಾಮಕ್ಕಳನ್ನು ಹೊತ್ತಿದೆ, ಆಂಬುಲೆನ್ಸ್ ಆಗಿದೆ. ಆದರೂ ಜಾರುಬಾಗಿಲಿನ ತಪ್ಪಿಗೆ ನಮ್ಮ ಸಿನಿಮಾಗಳು ಅದನ್ನು ಅಪಹರಣಕಾರರಿಗೇ ಬರೆದುಕೊಟ್ಟಿವೆ. ಕನಸು ರಂಗಸಜ್ಜಿಕೆಯನ್ನು ಕೈಗೆ ಸಿಕ್ಕಲ್ಲಿಂದ ಎತ್ತಿಕೊಳ್ಳುತ್ತದೆ, ಅದರಲ್ಲಿ ಅರ್ಥ ಕಡಿಮೆ.

ಮಾತ್ರೆಯ ಪಟ್ಟಿ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ತನ್ನಿ ಎಂದು ಕೇಳುವುದು ನನ್ನ ರೂಢಿ. ಬೇರೆ ಔಷಧ ಏನೂ ಇಲ್ಲ ಎಂದು ಮೊದಲ ಭೇಟಿಯಲ್ಲಿ ಹೇಳಿದ್ದ ಶಿಕ್ಷಕಿ ಎರಡನೆಯ ಭೇಟಿಗೆ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಮೂರು ನಾಲ್ಕು ಪಟ್ಟಿ ತಂದರು. ಅದರಲ್ಲಿ ಒಂದು ಪ್ರೊಪ್ರನೊಲಾಲ್. ‘ಇದು ತಲೆನೋವಿಗೆ ಸರ್, ನಿದ್ದೆಗೆ ಸಂಬಂಧವಿಲ್ಲ’ ಎಂದರು. ಮೈಗ್ರೇನ್ ಮತ್ತೆ ಮತ್ತೆ ಬರದಂತೆ ತಡೆಯಲು ವೈದ್ಯರು ಬರೆದುಕೊಟ್ಟಿದ್ದರು. ಮೂಲತಃ ಹೃದಯಬಡಿತ ಮತ್ತು ರಕ್ತದೊತ್ತಡದ ಗುಂಪಿನ ಔಷಧ. ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ಸುಲಭವಾಗಿ ಮಿದುಳಿಗೂ ಸೇರುತ್ತದೆ, ಕೆಲವರಲ್ಲಿ ಎದ್ದುಕಾಣುವ ದುಃಸ್ವಪ್ನಗಳನ್ನು ತರುತ್ತದೆ. ಇದು ಹೊಸ ಸಂಗತಿಯಲ್ಲ, ಅಡ್ಡಪರಿಣಾಮಗಳ ಸಾಲಿನಲ್ಲಿ ಅಚ್ಚಾಗಿರುವುದೇ. ಮಾತ್ರೆ ಶುರುವಾದ ದಿನಾಂಕವನ್ನೂ ಕನಸು ಶುರುವಾದ ವಾರವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದೆವು. ನಡುವೆ ಮೂರು ವಾರಗಳಿಗಿಂತ ಕಡಿಮೆ.

ಈ ಬಗೆಯ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವಂತಿಲ್ಲ, ಬಡಿತ ಮತ್ತು ಒತ್ತಡ ಏರಬಹುದು. ನಿಲ್ಲಿಸಿ ಎನ್ನುವುದು ನನ್ನ ಅಧಿಕಾರವೂ ಅಲ್ಲ. ವೈದ್ಯರಿಗೆ ಒಂದು ಪತ್ರ ಬರೆದೆ. ಅವರು ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ಬೇರೆ ಗುಂಪಿನ ಮಾತ್ರೆಗೆ ಬದಲಿಸಿದರು. ಒಂದು ತಿಂಗಳೊಳಗೆ ಕನಸು ವಾರಕ್ಕೊಂದು, ಕೆಲವು ವಾರ ಅದೂ ಇಲ್ಲ ಎಂಬಲ್ಲಿಗೆ ಇಳಿಯಿತು.

ಗಂಡನ ಪಾಲಿಗೆ ಪ್ರಕರಣ ಅಲ್ಲಿಗೆ ಮುಗಿದಿತ್ತು. ಎಲ್ಲ ಮಾತ್ರೆಯ ಆಟ ಎಂದರು. ನನಗೆ ಹಾಗೆನಿಸಲಿಲ್ಲ. ಕಡಿಮೆಯಾದದ್ದು ಸಂಖ್ಯೆ. ಬಂದಾಗಲೆಲ್ಲ ಅದೇ ಓಮ್ನಿ, ಅದೇ ಸಡಿಲ ದಾರ, ಅದೇ ಕೂಗದ ಬಾಯಿ. ಮಾತ್ರೆ ದುಃಸ್ವಪ್ನಕ್ಕೆ ಬಾಗಿಲು ತೆರೆಯಬಹುದು, ಒಳಗೆ ಯಾರು ಬರಬೇಕೆಂದು ಅದು ಹೇಳುವುದಿಲ್ಲ. ಹಾವು, ಬೀಳುವುದು, ಪರೀಕ್ಷೆ ಯಾವುದನ್ನು ಬೇಕಾದರೂ ಕಾಣಬಹುದಾಗಿದ್ದ ತಲೆ ಇದೊಂದನ್ನೇ ಏಕೆ ಹಿಡಿದುಕೊಂಡಿತು? ಕನಸು ಈಗ ಏಕೆ ಬೀಳುತ್ತಿದೆ ಎಂಬುದು ಒಂದು ಪ್ರಶ್ನೆ, ಇದೇ ಕನಸು ಏಕೆ ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಉತ್ತರದಲ್ಲಿ ಮುಗಿಸಲು ಹೋದಾಗ ಒಂದು ಕಡೆಯವರು ಎಲ್ಲವೂ ಮಿದುಳಿನ ರಸಾಯನ ಎನ್ನುತ್ತಾರೆ, ಇನ್ನೊಂದು ಕಡೆಯವರು ಅಂತರಾಳದ ಸಂದೇಶ ಎಂದು ಕುಣಿಯುತ್ತಾರೆ. ಶಿಕ್ಷಕಿಯೇ ಎರಡನೆಯ ಪ್ರಶ್ನೆಗೆ ಉತ್ತರ ಬೇಕು ಎಂದರು. ಹಾಗಾಗಿ ಮುಂದುವರಿದೆವು.

ಬೆಂಗಳೂರು

ಒಂದು ಉತ್ತರ ಅಷ್ಟರಲ್ಲೇ ಅವರ ಬಾಯಿಂದ ಬಂದಿತ್ತು. ಗಂಡನಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಜೂನ್ ಹೊತ್ತಿಗೆ ಮನೆ ಬದಲಿಸುವುದೆಂದು ನಿರ್ಧಾರವಾಗಿತ್ತು, ಮಗಳಿಗೆ ಅಲ್ಲಿನ ಶಾಲೆಯಲ್ಲಿ ಮುಂಗಡ ಕಟ್ಟಿಯೂ ಆಗಿತ್ತು. ಅನುದಾನಿತ ಶಾಲೆಯ ಕೆಲಸ ಎಂದರೆ ಸರ್ಕಾರದ ಸಂಬಳ, ಆದರೆ ಹುದ್ದೆ ಇರುವುದು ಆ ಆಡಳಿತ ಮಂಡಳಿಯಲ್ಲಿ. ಸರ್ಕಾರಿ ಶಿಕ್ಷಕರ ಹಾಗೆ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಬೆಂಗಳೂರು ಕೇಳಲು ಬರುವುದಿಲ್ಲ. ಹೋಗುವುದೆಂದರೆ ರಾಜೀನಾಮೆ. ಅದನ್ನು ಯಾರೂ ಅವರಿಗೆ ಕೇಳಿರಲಿಲ್ಲ, ಎಲ್ಲರೂ ಲೆಕ್ಕಕ್ಕೆ ಹಿಡಿದುಕೊಂಡಿದ್ದರು ಅಷ್ಟೇ. ‘ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಅದೇ ಕನಸಾಗಿದೆ. ಅಲ್ಲವೇ ಸರ್?’

ಸರಿಯಾಗಿಯೇ ಇದೆ ಎನ್ನಿಸುವ ವ್ಯಾಖ್ಯಾನ. ಕೈಯಲ್ಲಿ ಉತ್ತರಪತ್ರಿಕೆ, ಗೇಟಿನಲ್ಲಿ ಫೋನಿನಲ್ಲಿ ಮಗ್ನನಾದ ಗಂಡ, ಊರು ದಾಟಿಸುವ ಸೇತುವೆ, ಎಲ್ಲವೂ ಹೊಂದುತ್ತವೆ. ಬದುಕಿನಲ್ಲಿ ಹಿಡಿತ ತಪ್ಪಿದವರಿಗೆ ಅಪಹರಣದ ಕನಸು ಬೀಳುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ, ಅನೇಕರ ವಿಷಯದಲ್ಲಿ ಅದು ನಿಜವೂ ಹೌದು. ಆದರೂ ಮುದ್ರೆ ಒತ್ತಲು ನಾನು ಹಿಂಜರಿದೆ. ಎರಡು ಕಾರಣ. ಬೆಂಗಳೂರಿನ ಮಾತು ಎತ್ತಿದಾಗ ಅವರಲ್ಲಿ ಸಿಟ್ಟು ಕಾಣುತ್ತಿತ್ತು, ಕನಸಿನ ಮಾತು ಬಂದಾಗ ಕಾಣುತ್ತಿದ್ದದ್ದು ನಾಚಿಕೆ. ಎರಡೂ ಒಂದೇ ಬಣ್ಣದ ಭಾವನೆಗಳಲ್ಲ. ಮತ್ತೆ, ಎತ್ತಿಕೊಂಡು ಹೋಗುತ್ತಿರುವವರು ಮನೆಯವರೇ ಆಗಿದ್ದರೆ ಕೂಗದೆ ಇರುವುದೇಕೆ ಎಂಬುದಕ್ಕೆ ಆ ಅರ್ಥದಲ್ಲಿ ಜಾಗವಿರಲಿಲ್ಲ. ಅದೂ ಇರಬಹುದು, ನೋಡೋಣ ಎಂದೆ.

ಬರೆದು ಬದಲಿಸುವುದು

ಮರುಕಳಿಸುವ ದುಃಸ್ವಪ್ನಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವ ಮಾತಿನ ಚಿಕಿತ್ಸೆ ಕನಸಿನ ಅರ್ಥವನ್ನು ಕೇಳುವುದೇ ಇಲ್ಲ. ಎಚ್ಚರದಲ್ಲಿ ಕನಸನ್ನು ಬರೆಯಬೇಕು, ನಿಮಗೆ ಬೇಕಾದ ಹಾಗೆ ಅದನ್ನು ಬದಲಿಸಬೇಕು, ಹೊಸ ರೂಪವನ್ನು ದಿನಾ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ನಡೆಸಿಕೊಳ್ಳಬೇಕು. ಇಷ್ಟೇ. ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಪಡೆದ ಗುಂಪಿನವರ ದುಃಸ್ವಪ್ನಗಳು ಗಣನೀಯವಾಗಿ ಕಡಿಮೆಯಾಗಿ, ನಿದ್ದೆಯೂ ಸುಧಾರಿಸಿತ್ತು. ಹೊಸ ರೂಪ ಹೇಗಿರಬೇಕೆಂದು ಚಿಕಿತ್ಸಕ ಹೇಳಿಕೊಡಬಾರದು ಎಂಬುದು ಇದರ ಮುಖ್ಯ ಶಿಸ್ತು.

ಇಲ್ಲಿ ಒಂದು ಅಡ್ಡಿ ಬಂತು. ಕೆಟ್ಟ ಕನಸನ್ನು ಬಾಯಿಬಿಟ್ಟು ಹೇಳಿದರೆ ಅದು ಫಲಿಸುತ್ತದೆ ಎಂಬುದು ಮನೆಯ ಪಾಠ. ನನಗೆ ಹೇಳಿದ್ದೇ ಸಾಕು, ಮತ್ತೆ ಅದನ್ನು ಇಡೀ ಬರೆಯುವುದೇ ಎಂದು ಶಿಕ್ಷಕಿ ಒಂದು ವಾರ ತಳ್ಳಿದರು. ಬಿಡಿಸಿದವರು ಅತ್ತೆ. ‘ಹೇಳಬಾರದು ಎಂದಿದ್ದಾರೆ ಕಣಮ್ಮ, ಬರೆಯಬಾರದು ಎಂದು ಯಾವ ಶಾಸ್ತ್ರದಲ್ಲಿದೆ?’ ಎಂದರಂತೆ. ಆ ವಾಕ್ಯವನ್ನು ನಾನು ಆಮೇಲೆ ಬೇರೆ ಮನೆಗಳಲ್ಲೂ ಬಳಸಿದ್ದೇನೆ.

ಅವರು ಬರೆದು ತಂದದ್ದು ಪರೀಕ್ಷೆಯಲ್ಲಿ ಉಳಿದ ಹೆಚ್ಚುವರಿ ಹಾಳೆಯ ಮೇಲೆ, ಎಡಕ್ಕೆ ಕೆಂಪು ಶಾಯಿಯಲ್ಲಿ ಅಂಚು ಹಾಕಿ. ಮೊದಲ ಪುಟದಲ್ಲಿ ಹಳೆಯ ಕನಸು. ಎರಡನೆಯ ಪುಟದ ಬದಲಾದ ಕನಸಿನಲ್ಲಿ ಅವರು ಕೂಗುತ್ತಾರೆ, ಗಂಡ ಓಡಿಬರುತ್ತಾನೆ, ಅಥವಾ ಬಾಗಿಲು ಸರಿಸಿ ಹಾರುತ್ತಾರೆ ಎಂದು ನಾನು ಎಣಿಸಿದ್ದೆ. ಹೆಚ್ಚಿನವರು ಹಾಗೆಯೇ ಬರೆಯುತ್ತಾರೆ. ಇವರು ಬರೆದದ್ದು ಹೀಗೆ: ‘ವ್ಯಾನು ನಮ್ಮ ಶಾಲೆಯ ಗೇಟಿನ ಮುಂದೆ ನಿಲ್ಲುತ್ತದೆ. ನಾನು ಇಳಿಯುತ್ತೇನೆ. ತುಂಬ ಜನ ಸೇರಿದ್ದಾರೆ. ನಾನು ಎಲ್ಲರಿಗೂ ಕೇಳುವ ಹಾಗೆ, ಇವರನ್ನು ನಾನು ಬಲ್ಲೆ, ಬಿಡಿ ಎನ್ನುತ್ತೇನೆ. ಜನ ಬಿಡುತ್ತಾರೆ.’

‘ಯಾರನ್ನು ಬಲ್ಲೆ?’ ಎಂದು ಕೇಳಿದೆ. ಹಳೆಯ ಕನಸಿನಲ್ಲಿ ಜನರ ಗುಂಪೂ ಇರಲಿಲ್ಲ, ಬಿಡಿಸಬೇಕಾದವನೂ ಇರಲಿಲ್ಲ.

ಅವರು ಹಾಳೆಯನ್ನು ತೆಗೆದುಕೊಂಡು ತಮ್ಮದೇ ಅಕ್ಷರವನ್ನು ಮೌಲ್ಯಮಾಪನ ಮಾಡುವವರ ಹಾಗೆ ಮತ್ತೊಮ್ಮೆ ಓದಿದರು. ಆಮೇಲೆ, ‘ಚಾದರದವನು’ ಎಂದರು.

2018ರ ಜೂನ್

ಆ ವರ್ಷ ಏನಾಗಿತ್ತೆಂಬುದನ್ನು ನೆನಪಿಸಬೇಕು. ಮಕ್ಕಳ ಕಳ್ಳರು ಬಂದಿದ್ದಾರೆ, ಇಂಥ ವೇಷದಲ್ಲಿದ್ದಾರೆ, ಬಿಳಿ ವ್ಯಾನಿನಲ್ಲಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಊರೂರು ಸುತ್ತಿದವು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಹುಟ್ಟಿದ ಅನುಮಾನದಿಂದ ಶುರುವಾದ ಗಲಾಟೆಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿ ತಂದಿತು.

ಶಿಕ್ಷಕಿಯ ಊರಿನದು ಯಾವ ಪತ್ರಿಕೆಯಲ್ಲೂ ಬಾರದ ಘಟನೆ. ಉತ್ತರ ಭಾರತದ ಒಬ್ಬ ಮನುಷ್ಯ ಬೈಕಿನ ಹಿಂದೆ ಚಾದರ, ಬೆಡ್‌ಶೀಟ್‌ಗಳ ಗಂಟು ಕಟ್ಟಿಕೊಂಡು ಕಂತಿನ ಮೇಲೆ ಮಾರುತ್ತಿದ್ದ. ಸಿಬ್ಬಂದಿ ಕೊಠಡಿಗೂ ಬರುತ್ತಿದ್ದ. ಶಿಕ್ಷಕಿ ಹುಟ್ಟಲಿರುವ ಮಗುವಿಗೆಂದು ಎರಡು ಮೆತ್ತನೆಯ ಹೊದಿಕೆ ಕೊಂಡು, ನಾನೂರು ರೂಪಾಯಿ ಬಾಕಿ ಉಳಿಸಿ, ಸಂಬಳವಾದ ಮೇಲೆ ಬಾ ಎಂದಿದ್ದರು. ಆತ ಬಂದ. ಗೇಟಿನ ಹೊರಗೆ ಮಕ್ಕಳನ್ನು ಮಾತನಾಡಿಸುತ್ತ ನಿಂತಿದ್ದಾಗ ಯಾರೋ ಫೋಟೊ ತೆಗೆದರು. ಹತ್ತು ನಿಮಿಷದಲ್ಲಿ ಗುಂಪು ಸೇರಿತು. ಕೈ ಬಿದ್ದವು. ಮಾತೇ ಹೊರಡದಂತಾದ ಆತ ಮೇಲಿನ ಮಹಡಿಯ ಕಡೆಗೆ ಕೈ ತೋರಿಸುತ್ತಿದ್ದ, ಅಲ್ಲಿ ಮೇಡಂ ಇದ್ದಾರೆ ಎಂದು. ಶಿಕ್ಷಕಿ ಕಿಟಕಿಯಲ್ಲಿದ್ದರು. ಏಳು ತಿಂಗಳ ಬಸುರಿ. ಸಹೋದ್ಯೋಗಿಗಳು ಹಿಂದಕ್ಕೆ ಬನ್ನಿ ಎಂದರು, ಬಂದರು. ಪೊಲೀಸರು ಬಂದು ಆತನನ್ನು ಎಳೆದು ಬಿಳಿಯ ವಾಹನವೊಂದಕ್ಕೆ ಹತ್ತಿಸಿಕೊಂಡು ಹೋದರು. ಜೀವಕ್ಕೇನೂ ಆಗಲಿಲ್ಲ ಎಂದು ಆಮೇಲೆ ಕೇಳಿಬಂತು. ಆತ ಮತ್ತೆ ಊರಿಗೆ ಬರಲಿಲ್ಲ.

‘ಕಿಟಕಿಯಿಂದ ಒಂದು ಮಾತು ಕೂಗಿದ್ದರೆ ಸಾಕಿತ್ತು’ ಎಂದರು. ಆರು ವರ್ಷಗಳಲ್ಲಿ ಈ ಸಂಗತಿಯನ್ನು ಗಂಡನಿಗೂ ಹೇಳಿರಲಿಲ್ಲ. ಕನಸಿಗೂ ಇದಕ್ಕೂ ಸಂಬಂಧ ಇರಬಹುದೆಂದು ಬರೆಯುವ ತನಕ ಅವರಿಗೇ ಹೊಳೆದಿರಲಿಲ್ಲ.

ಈ ಹಂತದಲ್ಲಿ ನನ್ನ ಮುಂದೆ ಒಂದು ಆಯ್ಕೆ ಇತ್ತು. ಸಿಕ್ಕಿತು ನೋಡಿ ನಿಜವಾದ ಅರ್ಥ ಎಂದು ಬೆಂಗಳೂರನ್ನು ಬದಿಗೆ ಸರಿಸಬಹುದಿತ್ತು. ಕಥೆಯಾಗಿ ಅದು ಚೆನ್ನಾಗಿರುತ್ತದೆ. ಆದರೆ 2018ರಿಂದ 2023ರ ಕೊನೆಯವರೆಗೆ ಈ ಕನಸು ಬಿದ್ದಿರಲಿಲ್ಲ. ಮನೆ ಬದಲಿಸುವ ಮಾತು ಬಂದು, ಮಾತ್ರೆಯೂ ಶುರುವಾದ ಮೇಲೆ ಬಿದ್ದದ್ದು. ಹಳೆಯ ಕಿಟಕಿಯ ಮೌನವೂ ಈಗಿನ ಅಡುಗೆಮನೆಯ ಮೌನವೂ ಒಂದೇ ವ್ಯಾನಿನಲ್ಲಿ ಕುಳಿತಿವೆ ಎಂಬುದು ನನ್ನ ಊಹೆ. ಊಹೆಯೆಂದೇ ಅವರಿಗೆ ಹೇಳಿದೆ. ಅಪಹರಣಕಾರರು ಯಾರು ಎಂದು ಮನೆಯವರೆಲ್ಲ ಎರಡು ತಿಂಗಳು ಹುಡುಕಿದ್ದರು. ಆ ಮುಖಗಳಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಕನಸಿನೊಳಗೆ ಶಿಕ್ಷಕಿ ಮಾಡದೆ ಬಿಟ್ಟ ಒಂದು ಕೆಲಸದಲ್ಲಿ.

ತಪ್ಪಿತಸ್ಥ ಭಾವವನ್ನು ಸಮಾಧಾನದ ಮಾತಿನಿಂದ ತೊಳೆದುಬಿಡುವ ಆತುರವನ್ನೂ ತಡೆದುಕೊಂಡೆ. ‘ನೀವು ಬಸುರಿ, ಏನು ಮಾಡಲು ಸಾಧ್ಯವಿತ್ತು’ ಎಂದು ಸಹೋದ್ಯೋಗಿಗಳು ಅಂದೇ ಹೇಳಿದ್ದರು, ಅದರಿಂದ ಏನೂ ಕರಗಿರಲಿಲ್ಲ. ಕೆಳಗೆ ಇಳಿದಿದ್ದರೆ ಏನಾಗಬಹುದಿತ್ತು, ಕಿಟಕಿಯಿಂದ ಕೂಗಿದ್ದರೆ ಏನಾಗಬಹುದಿತ್ತು, ಎರಡನ್ನೂ ಬೇರೆ ಬೇರೆಯಾಗಿ ಮಾತನಾಡಿದೆವು. ಮೊದಲನೆಯದರಲ್ಲಿ ನಿಜವಾದ ಅಪಾಯವಿತ್ತು. ಎರಡನೆಯದರಲ್ಲಿ ಬಹುಶಃ ಇರಲಿಲ್ಲ. ಇಷ್ಟನ್ನು ಇದ್ದ ಹಾಗೆ ಒಪ್ಪಿಕೊಂಡ ಮೇಲೆಯೇ ಅವರ ಅಳು ಬಂದದ್ದು.

ಆಮೇಲೆ

ಅವರು ಬರೆದ ಎರಡನೆಯ ಪುಟವನ್ನು ಒಂದಕ್ಷರವೂ ತಿದ್ದದೆ ಅಭ್ಯಾಸಕ್ಕೆ ಇಟ್ಟುಕೊಂಡೆವು. ಸಂಜೆ ಶಾಲೆಯಿಂದ ಬಂದು, ಚಹಾ ಮುಗಿಸಿ, ಮಲಗುವ ಹೊತ್ತಿಗಿಂತ ಬಹಳ ಮುಂಚೆ ಹದಿನೈದು ನಿಮಿಷ. ಮೊದಲ ವಾರ ಕನಸು ಕೊಂಚ ಹೆಚ್ಚಾಯಿತು. ಆಮೇಲೆ ತೆಳ್ಳಗಾಗುತ್ತ ಬಂತು. ಒಮ್ಮೆ ವ್ಯಾನು ಬಂದು ನಿಂತರೂ ಬಾಗಿಲು ತೆರೆಯಲಿಲ್ಲ. ಒಮ್ಮೆ ಅವರು ಕನಸಿನಲ್ಲಿ ಕೂಗಿಯೇಬಿಟ್ಟು, ಆ ಕೂಗು ಹೊರಗೂ ಬಂದು ಮನೆಮಂದಿಯೆಲ್ಲ ಎದ್ದು ಕೂತರು. ಬೇಸಿಗೆ ರಜೆಯ ಹೊತ್ತಿಗೆ ತಿಂಗಳುಗಟ್ಟಲೆ ಕನಸಿಲ್ಲದೆ ಕಳೆಯುವಂತಾಯಿತು. ಮಗಳು ಮತ್ತೆ ವ್ಯಾನಿನಲ್ಲಿ ಶಾಲೆಗೆ ಹೋದಳು. ನಾನು ಗುಣದ ಲೆಕ್ಕ ಹಾಕುವುದು ಇಂಥವುಗಳಿಂದ. ಕನಸು ಬೀಳುವುದು ಕಾಯಿಲೆಯಲ್ಲ. ಅದು ವಾರವಾರವೂ ಮರುಕಳಿಸಿ ನಿದ್ದೆ, ಕೆಲಸ, ಮಕ್ಕಳ ಓಡಾಟವನ್ನು ಹಿಡಿದು ನಿಲ್ಲಿಸಿದಾಗ ಚಿಕಿತ್ಸೆ ಬೇಕು. ಹತ್ತಿರದಲ್ಲಿ ಯಾರೂ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಗಂಡನನ್ನು ಒಂದು ಭೇಟಿಗೆ ಕರೆಸಿದ್ದೆ. ಚಾದರದವನ ಕಥೆಯನ್ನು ಶಿಕ್ಷಕಿಯೇ ಹೇಳಿದರು. ಅದರ ಬೆನ್ನಿಗೆ, ಕೆಲಸ ಬಿಡಲು ನನಗೆ ಇಷ್ಟವಿಲ್ಲ ಎಂದೂ ಹೇಳಿದರು. ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಡ ಎಂದು ನೀನು ಯಾವತ್ತಾದರೂ ಹೇಳಿದ್ದೀಯಾ?’ ಎಂದು ಕೇಳಿದರು. ಸಿಟ್ಟಿನಲ್ಲಿ ಕೇಳಿದ ಮಾತಲ್ಲ, ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಅವರು ಎಂದೂ ಕೇಳಿರಲಿಲ್ಲ ಎಂಬುದನ್ನು ನಾನು ಸೇರಿಸಬೇಕಾಯಿತು. ಒಂದು ವರ್ಷದ ಮಟ್ಟಿಗೆ ಗಂಡ ಬೆಂಗಳೂರಿನಲ್ಲಿ, ಉಳಿದವರು ಊರಿನಲ್ಲಿ ಎಂದು ತೀರ್ಮಾನವಾಯಿತು. ಕಟ್ಟಿದ ಮುಂಗಡ ವಾಪಸು ಬರಲಿಲ್ಲ, ಎರಡು ಮನೆ ಬಾಡಿಗೆಯ ಬಿಸಿ ಇದೆ, ವಾರಾಂತ್ಯದ ರೈಲಿನ ಓಡಾಟದಿಂದ ಗಂಡ ಸೊರಗಿದ್ದಾರೆ. ಇದನ್ನು ಪರಿಹಾರ ಎಂದು ಕರೆಯಲು ನನಗೆ ಧೈರ್ಯವಿಲ್ಲ. ಒಬ್ಬರ ಲೆಕ್ಕದಲ್ಲಿ ಇನ್ನೊಬ್ಬರ ಒಪ್ಪಿಗೆ ಸುಮ್ಮನೆ ಸೇರಿಹೋಗುವುದಂತೂ ನಿಂತಿದೆ.

ಕನಸು ಹೋದದ್ದು ಏಕೆ ಎಂಬುದರಲ್ಲಿ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಅತ್ತೆ ತಾಯತ ಎನ್ನುತ್ತಾರೆ, ಅದು ಇನ್ನೂ ತೋಳಿನಲ್ಲಿದೆ. ಗಂಡ ಮಾತ್ರೆ ಎನ್ನುತ್ತಾರೆ. ಶಿಕ್ಷಕಿ ಬರವಣಿಗೆ ಎನ್ನುತ್ತಾರೆ. ನಾನು ಮಾತ್ರೆ ಮತ್ತು ಬರವಣಿಗೆ ಎರಡಕ್ಕೂ ಅಂಕ ಕೊಡುತ್ತೇನೆ, ಎಷ್ಟೆಷ್ಟು ಎಂದು ಒಂದೇ ಪ್ರಕರಣದಿಂದ ಹೇಳಲಾಗದು. ನಾನೂರು ರೂಪಾಯಿ ತೀರಿಸಲು ಶಿಕ್ಷಕಿ ಪರಿಚಿತರೊಬ್ಬರ ಮೂಲಕ ಠಾಣೆಯಲ್ಲಿ ವಿಚಾರಿಸಿದರು, ಆತನ ಹೆಸರು ವಿಳಾಸ ಯಾರ ಬಳಿಯೂ ಸಿಗಲಿಲ್ಲ. ದಾಯಾದಿಯ ಮನೆಗೆ ಮಾತ್ರ ಯುಗಾದಿಗೆ ಹೋಗಿಬಂದರು.

ಕೊನೆಯ ಸಲ ಫೋನ್ ಮಾಡಿದಾಗ ಅವರು ಕನಸಿನ ಸುದ್ದಿ ಎತ್ತಲಿಲ್ಲ. ಮಾತ್ರೆ ಬದಲಾದ ಮೇಲೆ ತಲೆನೋವು ತಿಂಗಳಿಗೆ ಎರಡು ಮೂರು ಬಾರಿ ಮರಳುತ್ತಿದೆ, ಹಳೆಯ ಮಾತ್ರೆಯೇ ಚೆನ್ನಾಗಿತ್ತು, ಮತ್ತೆ ಅದನ್ನೇ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಕನಸಿನ ವಿಷಯವನ್ನೂ ಸೇರಿಸಿ ವೈದ್ಯರಿಗೆ ಹೇಳಿ, ಅವರೇ ತೀರ್ಮಾನಿಸಲಿ ಎಂದೆ.